ಕೆಂಪು ತಾಮ್ರದ ಮೇಲೆ ವಿಭೂತಿ

ಶಂಕ್ರಮ್ಮಕ್ಕ ಮೆಲ್ಲಗೆ ಮಾತಾಡಿದ್ದನ್ನು ಈ ಮನೆಗೆ ಬಂದ ಮೇಲೆ ನಾನು ಒಮ್ಮೆಯೂ ಕೇಳಿಲ್ಲ. ಅವರು ನನ್ನ ಗಂಡ ಭೀಮೇಶನ ಅಕ್ಕ. ಹಾಲು ತರಲು ಹೇಳಿದರೂ ಜಗಳಕ್ಕೆ ಕರೆದಂತಿರುತ್ತದೆ. ಮೈಸೂರಿನಲ್ಲಿ ಓದಿ ಬೆಳೆದ ನನಗೆ ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು. ಮಗು ಹುಟ್ಟಿದ ಮೇಲೆ ಈ ದನಿಗೆ ಅವನು ಬೆಚ್ಚಿ ಬೀಳುತ್ತಾನೆಂಬ ಚಿಂತೆ ಹತ್ತಿಕೊಂಡಿತು. ಬಸವ ಬೆಚ್ಚಲಿಲ್ಲ. ಸೋದರತ್ತೆ ಗದರಿಸುತ್ತಿದ್ದರೇ ಅವನಿಗೆ ನಿದ್ದೆ. ಆಗ ಮಗುವಿನ ಕಿವಿ ಸರಿ ಇದೆಯೋ ಇಲ್ಲವೋ ಎಂದು ಕಲಬುರಗಿಗೆ ಹೋಗಿ ತೋರಿಸಿಕೊಂಡು ಬಂದೆ.

ಕೆಟ್ಟಿರುವುದು ಅಕ್ಕನ ಕಿವಿ. ಶಹಾಪುರದಿಂದ ಭೀಮರಾಯನಗುಡಿಯ ಕಡೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರು ಬೆಂಕಿಯ ಗನ್ನು ಹಿಡಿಯುತ್ತಾರೆ. ಅದು ಕಿರುಚುವ ಸದ್ದಿಗೆ ರಸ್ತೆಯಲ್ಲಿ ಹೋಗುವ ಎತ್ತುಗಳು ಅಡ್ಡ ತಿರುಗುತ್ತವೆ. ಕಿವಿಗೆ ಹಾಕುವ ಮುಚ್ಚಳ ಶೆಡ್ಡಿಗೆ ಬಂದಿದ್ದು ಈಚೆಗೆ, ಅದೂ ಅಕ್ಕ ಮಾಲೀಕನ ಮನೆಬಾಗಿಲಲ್ಲಿ ನಿಂತು ಕೂಗಾಡಿದ ಮೇಲೆ. ಅಷ್ಟರಲ್ಲಿ ಕಿವಿ ಮುಕ್ಕಾಲು ಹೋಗಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಕ್ಕನನ್ನು ಕೇಳಿದರೆ, “ಒಳ್ಳೇದಾತು ಬಿಡವ್ವ, ಮಂದಿ ಅನ್ನೂದು ಅರ್ಧ ಕೇಳಸಂಗಿಲ್ಲ,” ಅನ್ನುತ್ತಾರೆ.

ಅಕ್ಕ-ತಮ್ಮನ ಊರು ಸುರಪುರದ ಹತ್ತಿರದ ಬೋನಾಳ. ತಾಯಿ ದುರಗಮ್ಮ ತೀರಿಕೊಂಡಾಗ ಭೀಮೇಶನಿಗೆ ಹಲ್ಲು ಸಹ ಬಂದಿರಲಿಲ್ಲ. ಅಕ್ಕನಿಗೆ ಲಂಗ ದಾವಣಿಯ ವಯಸ್ಸು. ಅವನನ್ನು ಟೊಂಕದ ಮೇಲೆ ಹೊತ್ತು ಕೆರೆಯ ದಂಡೆಯಲ್ಲಿ ಹಕ್ಕಿ ತೋರಿಸುತ್ತ ಗಂಜಿ ಕುಡಿಸಿ ಬೆಳೆಸಿದರು. ಆಮೇಲೆ ಕಕ್ಕೇರಾಕ್ಕೆ ಕೊಟ್ಟರು. ಗಂಡ ಒಂದು ದಿನ ಮತ್ತೊಬ್ಬಳನ್ನು ಕರೆದುಕೊಂಡು ಬಂದು, “ಇಬ್ಬರೂ ಇರ್ರಿ,” ಅಂದನಂತೆ. ಅಕ್ಕ ಒಲೆಯ ಮೇಲಿದ್ದ ಸಾರನ್ನು ಹಾಗೇ ಅಂಗಳಕ್ಕೆ ಚೆಲ್ಲಿ, ಖಾಲಿ ಪಾತ್ರೆ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. “ಪಾತ್ರಿ ನನ್ನ ತವರಮನಿದು. ಸಾರು ಅವನ ಬ್ಯಾಳಿದು. ಅದಕ್ಕ ಚೆಲ್ಲಿ ಬಂದೆ.” ಆ ಪಾತ್ರೆಯಲ್ಲೇ ಈಗ ಬಸವನಿಗೆ ನೀರು ಕಾಯಿಸುವುದು.

ಶೆಡ್ಡಿಗೆ ಸೇರಿದ್ದು ಕಸ ಹೊಡೆಯಲು. ಗನ್ನು ಹಿಡಿಯುತ್ತಿದ್ದ ಹೈದರಾಬಾದಿನವನು ಇಲ್ಲಿಯ ಬಿಸಿಲನ್ನು ಬೈಯುತ್ತ ಬಿಟ್ಟುಹೋದಾಗ ಮಾಲೀಕ ವಿಶ್ವರಾಧ್ಯ ತಲೆಮೇಲೆ ಕೈ ಹೊತ್ತು ಕೂತಿದ್ದ. ಅಕ್ಕ ಪೊರಕೆ ಮೂಲೆಗಿಟ್ಟು, “ನಾ ಹಿಡೀತೇನಿ, ಕಲಸ್ರಿ,” ಅಂದರು. ಮೊದಲು ನಕ್ಕರಂತೆ. ಬೇರೆ ಯಾರೂ ಸಿಗದೆ ಕೊನೆಗೆ ಅವರನ್ನೇ ಹೈದರಾಬಾದಿಗೆ ಕಳಿಸಿ ಕಲಿಸಿದರು. ಕಲಿಯುವಾಗ ಎರಡು ಸಲ ಪುಡಿ ಹಾಳುಮಾಡಿದರು, ಒಂದು ಸಲ ತಮ್ಮ ಹುಬ್ಬು ಸುಟ್ಟುಕೊಂಡರು. ಹುಬ್ಬು ಮತ್ತೆ ಬರಲಿಲ್ಲ. ಕಾಡಿಗೆಯಿಂದ ಬರೆದುಕೊಳ್ಳುತ್ತಾರೆ. ಸಿಟ್ಟು ಬಂದಾಗ ಬೆವರಿಗೆ ಅದು ಅಳಿಸಿ ಕಣ್ಣಿಗೆ ಇಳಿಯುತ್ತದೆ, ಆಗ ಸಿಟ್ಟು ಇನ್ನೂ ಏರುತ್ತದೆ.

ಕೆಲಸವೇನೆಂದರೆ ಇದು. ಕಬ್ಬಿಣ ಕರಗಿಸುವ ಭಟ್ಟಿಯೊಳಗೆ ಬಿಸಿಗಾಳಿ ಊದಲು ತಾಮ್ರದ ದಪ್ಪ ಕೊಳವೆ ಇರುತ್ತದೆ, ಮುಂದಕ್ಕೆ ಹೋದಂತೆ ಸಣ್ಣದಾಗುತ್ತದೆ. ಇಲ್ಲಿಯವರು ಅದಕ್ಕೆ ಮೂತಿ ಅನ್ನುತ್ತಾರೆ. ಅದರ ಗೋಡೆಯೊಳಗೆ ಸದಾ ನೀರು ಹರಿಯುತ್ತಿರಬೇಕು, ಇಲ್ಲದಿದ್ದರೆ ತಾಮ್ರ ಬೆಲ್ಲದಂತೆ ಇಳಿದುಹೋಗುತ್ತದೆ. ಆದರೂ ಕರಗಿದ ಕಬ್ಬಿಣ ನೇರವಾಗಿ ತಾಗಿದರೆ ತೂತು ಬೀಳುತ್ತದೆ. ಹಾಗಾಗದಿರಲು ಹೊರಮೈಗೆ ಪಿಂಗಾಣಿಯಂಥ ಒಂದು ಪದರ ಕೊಡುತ್ತಾರೆ. ಮೊದಲು ರಭಸದ ಗಾಳಿಯಲ್ಲಿ ಗಟ್ಟಿ ಮರಳು ಹೊಡೆದು ತಾಮ್ರವನ್ನು ತರಿತರಿ ಮಾಡುವುದು. ಆಮೇಲೆ ಗನ್ನಿನ ಬೆಂಕಿಯಲ್ಲಿ ಒಂದು ಲೋಹದ ಪುಡಿ, ಅದರ ಮೇಲೆ ಬಿಳಿ ಪುಡಿ. ಪುಡಿ ಹಾರುತ್ತಲೇ ಕರಗಿ ತಾಮ್ರಕ್ಕೆ ಬಡಿದು ಅಂಟಿಕೊಳ್ಳುತ್ತದೆ. ಪದರ ಉಗುರಿಗಿಂತ ತೆಳುವು. ಆ ಉಗುರಿನಷ್ಟು ಬಿಳುಪಿನ ಆಚೆ ಬೆಂಕಿ, ಈಚೆ ನೀರು. ಭಟ್ಟಿಯೆದುರು ನಿಲ್ಲುವವನು ನನ್ನ ಗಂಡ.

ಭೀಮೇಶ ಯಾದಗಿರಿ ದಾಟಿದ ಮೇಲೆ ಬರುವ ಒಂದು ಕಾರ್ಖಾನೆಯಲ್ಲಿ ಭಟ್ಟಿಯ ಪಾಳಿ ನೋಡಿಕೊಳ್ಳುತ್ತಾನೆ. ನೀರು ಭಟ್ಟಿಯೊಳಗೆ ಇಳಿದರೆ ಏನಾಗುತ್ತದೆ ಎಂದು ಅವನು ನನಗೆ ಹೇಳಿದವನಲ್ಲ. ಅಕ್ಕ ಹೇಳಿದರು, ಮಗುವಿಗೆ ಎಣ್ಣೆ ಹಚ್ಚುತ್ತ, ಹವಾಮಾನ ಹೇಳುವ ಹಾಗೆ: “ಭಟ್ಟಿ ಕಾರತೈತಿ. ಎದುರಿಗೆ ಇದ್ದಾವರು ಇರಂಗಿಲ್ಲ.” ಅಂದಿನಿಂದ ಅವನ ಪಾಳಿ ಮುಗಿಯುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಅಕ್ಕನ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇದೆ. ಮರಳು ಹೊಡೆದ ತಾಮ್ರ ಕೆಂಪಗೆ ಹೊಳೆಯುತ್ತದೆ. ಕೆಂಪಗಿರುವಾಗ ಬರಿಗೈ ತಾಗಬಾರದು, ಬೇಗ ಪುಡಿ ಹೊಡೆದುಬಿಡಬೇಕು. ಬೆರಳಿನ ಜಿಡ್ಡು ತಾಗಿದರೂ ಅಲ್ಲಿ ಪದರ ಹಿಡಿಯುವುದಿಲ್ಲ. ಮೇಲೆ ನೋಡಲು ಚಂದವಿದ್ದು ಒಳಗೆ ಬಿಟ್ಟುಕೊಂಡಿರುತ್ತದೆ. ತಾಗಿದರೆ ಮತ್ತೆ ಮರಳು ಹೊಡೆಯಬೇಕು. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿತ್ತು ಅನ್ನುವುದೇ ನನ್ನ ಹೊಟ್ಟೆಯ ಉರಿ.

ಆ ಶೆಡ್ಡಿನಲ್ಲಿ ಅಮಾವಾಸ್ಯೆಯ ಪೂಜೆ ತಪ್ಪುವುದಿಲ್ಲ. ವಿಶ್ವರಾಧ್ಯನ ತಾಯಿ ಶಾಂತಾದೇವಿ ಕರಡಿಗೆ ಹಿಡಿದು ಬಂದು ಗನ್ನಿಗೆ, ಗಾಳಿಯ ಯಂತ್ರಕ್ಕೆ, ಹೊರಡಲಿರುವ ಪ್ರತಿ ಮಾಲಿಗೆ ಮೂರು ಬೆರಳಿನ ವಿಭೂತಿ ಎಳೆಯುತ್ತಾರೆ. ಬಿಳಿ ಪದರ ಆದಮೇಲೆ ಎಳೆದರೆ ಯಾರಿಗೂ ತೊಂದರೆಯಿಲ್ಲ. ಒಳ್ಳೆಯ ಮುದುಕಿ. ಬಸವನ ತೊಟ್ಟಿಲಿಗೆ ಮೊದಲು ಕುಂಚಿಗೆ ತಂದವರು ಅವರೇ.

ಕಳೆದ ಅಮಾವಾಸ್ಯೆಯಂದು ಅಕ್ಕ ಶೆಡ್ಡಿನಲ್ಲಿ ಇರಲಿಲ್ಲ. ಅಪ್ಪ ಪರಮಣ್ಣನ ಕಣ್ಣಿನ ಪೊರೆ ತೆಗೆದಿದ್ದರು, ಆ ಪಟ್ಟಿ ಬಿಚ್ಚಿಸಲು ಸುರಪುರಕ್ಕೆ ಹೋಗಿದ್ದರು. ಭೀಮೇಶನ ಕಾರ್ಖಾನೆಯ ಮೂತಿಗೆ ಗನ್ನು ಹಿಡಿದವನು ಸಾಯಿಕುಮಾರ, ಅಕ್ಕನೇ ಕಲಿಸಿದ ಗಂಡಸು, ಇಬ್ಬರು ಮಕ್ಕಳ ತಂದೆ.

ಮಾರನೆಯ ಬೆಳಿಗ್ಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದರು. ಶಾಂತಾದೇವಿ ಪ್ರಸಾದ ತಂದರು.

“ಶಂಕ್ರವ್ವಾ, ಅಪ್ಪನ ಕಣ್ಣ ಹ್ಯಾಂಗ ಐತಿ?”

“ಪಟ್ಟಿ ಬಿಚ್ಯಾರ್ರಿ ಅಮ್ಮಾರ. ಈಗ ಕಾಣಾಕತ್ತೈತಿ. ಕಂಡಿದ್ದಕ್ಕೆಲ್ಲಾ ಹೆಸರಿಡಾಕತ್ತಾನ.”

ಮುದುಕಿ ನಕ್ಕು ಕೂತರು. “ನಿನ್ನಿ ಪೂಜಿ ಏನ ಚಂದ ಆತವ್ವ! ಪ್ರತಿಸಲ ನಿನ್ನ ಮೂತಿ ಸುಣ್ಣಾ ಬಳದಂಗ ಬೆಳ್ಳಗಿರತಾವ. ವಿಭೂತಿ ಹಚ್ಚೇನೋ ಬಿಟ್ಟೇನೋ ನನಗ ಖಬರ ಹತ್ತಂಗಿಲ್ಲ. ನಿನ್ನಿ ನೋಡು, ಮದಲಗಿತ್ತಿ ಗಲ್ಲದಂಗ ಕೆಂಪಗ ಹೊಳ್ಯಾಕತ್ತಿತ್ತು. ಈಗ ಹಚ್ಚಿದ್ರ ಕಾಣತೈತಿ ಅಂತ ಮೂರು ಬಟ್ಟ ಎಳದೆ. ಕಣ್ಣ ತುಂಬಿ ಬಂತು.”

ರೊಟ್ಟಿಯ ಸದ್ದು ನಿಂತಿತು.

“ಕೆಂಪಗ ಇತ್ತಾ?”

“ಹೂಂನವ್ವ.”

“ಬೆಳ್ಳಗಾದ ಮ್ಯಾಲ ಅಲ್ಲ?”

“ಬೆಳ್ಳಗಾದ್ರ ಕಾಣಂಗಿಲ್ಲ ಅಂತ ಈಗ ಹೇಳಿದೆಲ್ಲ!”

“ಕೈಗ ಎಣ್ಣಿ ಇತ್ತೇನ್ರಿ?”

“ದೀಪಾ ಹಚ್ಚಿದ ಕೈ. ಎಣ್ಣಿ ಇರದ ಇರತೈತೇನು?”

“ಏನ ಮಾಡಿ ಇಟ್ರಿ ಅಮ್ಮಾರ!” ಅಕ್ಕ ಎದ್ದ ರಭಸಕ್ಕೆ ಹಿಟ್ಟಿನ ಪರಾತ ಉರುಳಿತು. “ನನ್ನ ತಮ್ಮ ನಿಲ್ಲೂ ಭಟ್ಟಿ ಅದು! ಎಲ್ಲಿ ಬಿಟ್ಟು ಎಲ್ಲಿ ಹಚ್ಚಿದ್ರಿ!”

ಮುದುಕಿಯ ಮುಖ ಸಣ್ಣಗಾಯಿತು. ಏನು ತಪ್ಪಾಯಿತೆಂದು ಅವರಿಗೆ ತಿಳಿದಿರಲಿಲ್ಲ. ಪ್ರಸಾದದ ತಟ್ಟೆ ಅಲ್ಲೇ ಬಿಟ್ಟು, ಸೆರಗು ಬಾಯಿಗಿಟ್ಟುಕೊಂಡು ಹೋದರು. ಅಕ್ಕ ಹಿಟ್ಟಿನ ಕೈಯಲ್ಲೇ ವಿಶ್ವರಾಧ್ಯನಿಗೆ ಫೋನು ಹಚ್ಚಿದರು. ಅವರದು ಯಾವಾಗಲೂ ಸ್ಪೀಕರ್. ಮಾತೆಲ್ಲ ಮನೆತುಂಬ ಕೇಳಿಸಿತು.

“ಮಾಲಕರ, ಮೂತಿ ಎಲ್ಲಿ ಐತ್ರಿ?”

“ಮುಂಜಾನಿ ಗಾಡಿಗೆ ಹೋತು. ಯಾಕ?”

“ನಿಮ್ಮ ಅವ್ವಾರು ಕೆಂಪಿನ ಮ್ಯಾಲ ವಿಭೂತಿ ಎಳದಾರ.”

“ಸಾಯಿಕುಮಾರ ಒರಸೇ ಹೊಡದಾನ, ಬಿಡು.”

“ಒರಸಿದ್ರ ಎಣ್ಣಿ ಹೋಗತೈತೇನ್ರಿ? ಮತ್ತ ಮರಳ ಹೊಡೀಬೇಕಿತ್ತು!”

“ಅವ್ವ ಎದುರಿಗೇ ಕುಂತಿದ್ಲು. ಆಕಿ ಹಚ್ಚಿದ ವಿಭೂತಿ ಮ್ಯಾಲ ಮರಳ ಹೊಡಿ ಅಂತ ನಾ ಯಾವ ಬಾಯಿಲೆ ಹೇಳ್ಲಿ?”

ಅಕ್ಕ ಉರುಳಿದ ಪರಾತವನ್ನು ಕಾಲಿನಿಂದ ಬದಿಗೆ ತಳ್ಳಿದರು.

“ಹಂಗಾರ ನಿಮಗ ಗೊತ್ತಿತ್ತು.”

“ಬಟ್ಟಿನಷ್ಟ ಜಗಾ ಶಂಕ್ರಮ್ಮ. ಏನೂ ಆಗಂಗಿಲ್ಲ.”

“ವಾಪಸ್ ತರಸ್ರಿ.”

“ಕಾರ್ಖಾನಿಯವರಿಗೆ ಏನಂತ ಹೇಳ್ಲಿ? ನಮ್ಮವ್ವ ಪೂಜಿ ಮಾಡಿ ಮಾಲ ಕೆಡಿಸ್ಯಾಳ ಅಂತನಾ? ನನ್ನ ಇಜ್ಜತ್ ಏನಾಗಬೇಕು?”

“ನಿಮ್ಮ ಇಜ್ಜತ್ತಿಗೆ ನನ್ನ ತಮ್ಮನ್ನ ಸುಡತೀರೇನು?” ಅಷ್ಟರಲ್ಲಿ ಫೋನು ಕಟ್ಟಾಗಿತ್ತು.

ಆ ದಿನ ಭಟ್ಟಿ ನಿಲ್ಲಿಸಿ ಮೂತಿ ಬದಲಿಸುವುದಿತ್ತು. ಮಧ್ಯಾಹ್ನದ ಹೊತ್ತಿಗೆ ಹೊಸದನ್ನು ಕೂರಿಸುವುದೆಂದು ಭೀಮೇಶ ಹೇಳಿ ಹೋಗಿದ್ದ. ಅವನಿಗೆ ಫೋನು ಮಾಡಿದೆ. ಕಾರ್ಖಾನೆಯಲ್ಲಿ ಫೋನುಗಳನ್ನು ಗೇಟಿನ ಕಪಾಟಿನಲ್ಲಿ ಇರಿಸಿಕೊಳ್ಳುತ್ತಾರೆ. ಯಾವ ಕಪಾಟಿನೊಳಗೋ ನನ್ನ ಕರೆ ಬಡಿದುಕೊಳ್ಳುತ್ತಿತ್ತು. ಕಾರ್ಖಾನೆಯ ಆಫೀಸಿನ ನಂಬರು ನನ್ನ ಹತ್ತಿರ ಇರಲಿಲ್ಲ. ಗಂಡ ಬೆಂಕಿಯೆದುರು ನಿಲ್ಲುವ ಜಾಗದ ನಂಬರು ಹೆಂಡತಿಗೆ ಕೊಡಬೇಕೆಂದು ಯಾರಿಗೂ ಅನಿಸಿಲ್ಲ. ಅಕ್ಕ ಹುಬ್ಬು ಬರೆದುಕೊಳ್ಳದೆ ಚಪ್ಪಲಿ ಮೆಟ್ಟಿದರು. ನಾನು ಮಗುವನ್ನು ಎತ್ತಿಕೊಂಡೆ.

“ನೀ ಎಲ್ಲಿಗವ್ವ, ಕೂಸಿನ್ನ ತಗೊಂಡು ಈ ಬಿಸಲಾಗ?”

“ನಾನಿಲ್ಲಿ ಕೂತ್ರೆ ಸತ್ತೇ ಹೋಗ್ತೀನಿ ಅಕ್ಕಾ.”

“ನಡಿ ಹಂಗಾರ. ಸಾಯೂದು ಆಮ್ಯಾಲ ನೋಡೂಣು.”

ಬಸ್ಸು ತುಂಬಿತ್ತು. ಅಕ್ಕ ಕಂಡಕ್ಟರಿಗೆ ಬೈದರು, ಕಾಲು ಚಾಚಿ ಕೂತವನಿಗೆ ಬೈದರು, ಭೀಮಾ ನದಿಯ ಸೇತುವೆಯ ಮೇಲೆ ಅಡ್ಡ ಬಂದ ಟ್ರ್ಯಾಕ್ಟರಿಗೆ ಕಿಟಕಿಯಿಂದ ತಲೆ ಹಾಕಿ ಬೈದರು. ನನಗೆ ಬೈಯಲೂ ಬರಲಿಲ್ಲ. ಮಗುವಿನ ಟೊಪ್ಪಿಗೆ ಮರೆತು ಬಂದಿದ್ದೆ, ಅದರದೇ ಯೋಚನೆ ಮಾಡುತ್ತಿದ್ದೆ. ಇನ್ನೊಂದನ್ನು ಯೋಚಿಸುವ ಧೈರ್ಯವಿರಲಿಲ್ಲ. ಯಾದಗಿರಿಯಲ್ಲಿ ಇಳಿದು ಆಟೋ ಹಿಡಿದೆವು.

ಗೇಟಿನಲ್ಲಿ ಕಾವಲುಗಾರ ಮಲ್ಕಪ್ಪ ಕೋಲು ಅಡ್ಡ ಹಿಡಿದ.

“ಪಾಸ್ ಐತೇನ್ರಿ?”

“ಪಾಸ್ ಇಲ್ಲ, ಬಾಯಿ ಐತಿ. ಭಟ್ಟಿ ಭೀಮೇಶನ್ನ ಕರಿ.”

“ಡ್ಯೂಟಿ ಮ್ಯಾಲ ಇದ್ದಾವರನ್ನ ಹಂಗ ಕರ್ಯಾಕ ಬರಂಗಿಲ್ರಿ.”

“ನಾ ಇಲ್ಲಿಂದ ಕರದ್ರ ಭಟ್ಟಿತನ ಕೇಳತೈತಿ. ಕರೀಲೇನು?”

ಮಲ್ಕಪ್ಪ ಅಕ್ಕನ ಹುಬ್ಬಿಲ್ಲದ ಮುಖ ನೋಡಿದ, ಮಗುವನ್ನು ನೋಡಿದ. “ಬ್ಯಾಡ್ರಿ ಯವ್ವಾ,” ಎಂದು ಒಳಗಿನ ಫೋನು ಎತ್ತಿದ.

ಭೀಮೇಶ ದಪ್ಪ ಕೋಟು, ಹೆಲ್ಮೆಟ್ಟಿನಲ್ಲಿ ಬಂದ. ಮುಖ ಕೆಂಪಾಗಿತ್ತು, ಬಿಸಿಗೋ ಸಿಟ್ಟಿಗೋ. ಹಿಂದೆ ಅವನ ಜತೆಯವರು ದೂರದಲ್ಲಿ ನಿಂತು ನೋಡುತ್ತಿದ್ದರು.

“ಅಕ್ಕಾ, ಮನ್ಯಾಗ ಚೀರೂದು ಸಾಲಲಿಲ್ಲೇನು? ಇಲ್ಲಿಗೂ ಬಂದಿ?”

“ಮೂತಿ ಕೂಡಿಸೀರೇನು?”

“ಕೂಡಸಾಕತ್ತೇವಿ.”

“ಕೂಡಸಬ್ಯಾಡ್ರಿ. ಕೆಂಪಿನ ಮ್ಯಾಲ ಎಣ್ಣಿ ಕೈ ಬಿದ್ದೈತಿ. ಪದರ ಹಿಡದಿಲ್ಲ.”

“ನಮ್ಮವರು ನೋಡ್ಯಾರ. ದಪ್ಪ ಅಳದಾರ, ಬರೋಬ್ಬರಿ ಐತಿ.”

“ದಪ್ಪ ಬರೋಬ್ಬರಿ ಇರತೈತಿ. ಹಿಡದೈತೋ ಇಲ್ಲೋ ಅನ್ನೂದು ದಪ್ಪದಾಗ ಕಾಣತೈತೇನಲೇ?”

“ಭಟ್ಟಿ ನಿಂತೈತಿ ಅಕ್ಕಾ. ಮ್ಯಾಲಿನವರು ನನ್ನ ತಲಿ ಮ್ಯಾಲ ಕುಂತಾರ. ಪುಡಿ ಹೊಡಿಯೂ ಕೂಲಿ ಹೆಣಮಗಳ ಮಾತ ಕೇಳಿ ಕೆಲಸ ನಿಲ್ಲಸ್ರಿ ಅಂತ ನಾ ಹ್ಯಾಂಗ ಹೇಳ್ಲಿ?”

ಅಂದ ಮೇಲೆ ಅವನಿಗೇ ತಿಳಿಯಿತು. ಆದರೆ ಅಂದಿದ್ದು ಆಗಿತ್ತು. ಅಕ್ಕನ ದನಿ ಇಳಿಯಲಿಲ್ಲ. “ಆ ಕೂಲಿ ಹೆಣಮಗಳೇ ನಿನ್ನ ಕುಂಡಿ ತೊಳದಾಳ. ಈಗ ಒಂದ ಕೆಲಸ ಮಾಡು. ಹೋಗು. ಮೂತಿ ತುದಿಗಿ ಸುತ್ತಲೂ ಸಣ್ಣ ಸುತ್ತಿಗಿಲೆ ಬಡಿ. ಎಲ್ಲಾ ಕಡೆ ಒಂದ ನಮೂನಿ ದನಿ ಬಂದ್ರ ಕೂಡಸು. ನಾ ಮತ್ತ ನಿನ್ನ ಹೊಸ್ತಿಲ ತುಳಿಯಂಗಿಲ್ಲ.”

ಭೀಮೇಶ ನನ್ನ ಕಡೆ ತಿರುಗಿದ, ನಾನಾದರೂ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆಂಬಂತೆ. ನನಗೆ ಆಗ ಬಂದ ಸಿಟ್ಟನ್ನು ಹೇಗೆ ಬರೆಯಲಿ? ತಾಯಿಗೆ ಬೇಸರವಾದೀತೆಂದು ಒಬ್ಬ ಬಾಯಿ ಮುಚ್ಚಿಕೊಂಡ. ವಿಭೂತಿಗೆ ಅಂಜಿ ಒಬ್ಬ ಬಟ್ಟೆಯಿಂದ ಒರೆಸಿ ಕೈ ತೊಳೆದುಕೊಂಡ. ಇವನಿಗೆ ಜತೆಯವರೆದುರು ನಾಚಿಕೆ. ಇಷ್ಟು ಜನರ ಮರ್ಯಾದೆಯೆಲ್ಲ ಒಟ್ಟಾಗಿ ನನ್ನ ಮಗನ ತಂದೆಯ ಮೇಲೆ ಕೂರಬೇಕೆ?

“ತಟ್ಟಿ ನೋಡಿ ಬನ್ನಿ,” ಅಂದೆ. “ಅವರು ಕೇಳ್ತಿರೋದು ಅಷ್ಟೇ ತಾನೆ? ತಟ್ಟಿ ನೋಡೋಕೂ ಮ್ಯಾಲಿನವರ ಅಪ್ಪಣೆ ಬೇಕಾ?” ನನ್ನ ದನಿ ಅಕ್ಕನ ದನಿಯಷ್ಟೇ ದೊಡ್ಡದಾಗಿ ಹೊರಟಿತು. ಮಗು ಬೆಚ್ಚಿ ಅತ್ತಿತು. ಅವನು ಹಿಂದಿರುಗಿ ಹೋದ.

ಮಲ್ಕಪ್ಪ ತನ್ನ ಸ್ಟೂಲು ಕೊಟ್ಟ. ಅಕ್ಕ ಕೂರಲಿಲ್ಲ. ಕಂಬಿ ಹಿಡಿದು ಒಳಗೆ ನೋಡುತ್ತ ನಿಂತರು, ತುಟಿ ಬಿಚ್ಚಲಿಲ್ಲ. ಅಕ್ಕ ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು. ಅವರು ಯಾರಿಗಾದರೂ ಬೈಯಲಿ, ಮಲ್ಕಪ್ಪನಿಗೆ, ನನಗೆ, ಬಿಸಿಲಿಗಾದರೂ ಬೈಯಲಿ ಅನಿಸುತ್ತಿತ್ತು.

ಭೀಮೇಶ ನಡೆದು ಬಂದ. ಗೇಟಿನ ಕಂಬಿಯ ಸಂದಿಯಿಂದ ಅಕ್ಕನ ಅಂಗೈಗೆ ಒಂದು ಬಿಳಿ ಚಕ್ಕೆ ಇಟ್ಟ, ಹಪ್ಪಳದ ತುಂಡಿನಂಥದು. ಅಕ್ಕ ಅದನ್ನು ಮಗುಚಿದರು. ಹಿಂಬದಿಯಲ್ಲಿ ಒರೆಸಿಯೂ ಉಳಿದ ಬೂದಿಬಣ್ಣದ ಗೆರೆಗಳು. ಒಂದು ಪೂರ್ತಿ ಇತ್ತು, ಎರಡನೆಯದು ಅರ್ಧ.

“ಒಂದ ಕಡೆ ದನಿ ಬ್ಯಾರೆ ಬಂತು,” ಅಂದ. “ಉಗುರ ಹಾಕಿದೆ. ಎದ್ದ ಬಂತು.”

“ಮತ್ತ?”

“ವಾಪಸ್ ಕಳಸಾಕತ್ತಾರ. ಭಟ್ಟಿ ನಿಂತಿರತೈತಿ.”

ಅಕ್ಕ ಚಕ್ಕೆಯನ್ನು ಸೆರಗಿನ ತುದಿಗೆ ಕಟ್ಟಿದರು. ಆಮೇಲೆ ಕಂಬಿಯ ಸಂದಿಯಿಂದಲೇ ತಮ್ಮನ ಹೆಲ್ಮೆಟ್ಟಿನ ಮೇಲೆ ಟಣ್ ಎಂದು ಹೊಡೆದರು. “ಕೂಲಿ ಹೆಣಮಗಳಂತ!”

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬೇಡಿ. ಭೀಮೇಶನಿಗೆ ಮೇಲಿನವರು ಭಟ್ಟಿ ನಿಂತದ್ದಕ್ಕೆ ಬೈದರು, ಅವನು ಮನೆಗೆ ಬಂದು ನನ್ನ ಜತೆ ಮಾತು ಬಿಟ್ಟ. ವಿಶ್ವರಾಧ್ಯ ಅಕ್ಕನಿಗೆ, “ನಾಳಿಂದ ಬರಬ್ಯಾಡ,” ಎಂದು ಹೇಳಿ ಕಳಿಸಿದ. ಮಾರನೆಯ ದಿನ ಅಕ್ಕ ಎಂದಿನ ಹೊತ್ತಿಗೇ ಹೊರಟರು. “ನನ್ನ ಮೂತಿ ಕೆಡಿಸ್ಯಾರ. ಅದನ್ನ ನೆಟ್ಟಗ ಮಾಡಿ ಬರತೇನಿ. ಆಮ್ಯಾಲ ಬಿಡಸ್ತಾನೋ, ಇಟಗೋತಾನೋ, ಅವನ ಖುಷಿ.” ಮಾಲೀಕ ಬೆನ್ನು ತಿರುಗಿಸಿ ಕೂತಿದ್ದನಂತೆ. ತಡೆಯಲಿಲ್ಲ. ಅಕ್ಕ ಚಕ್ಕೆಯನ್ನು ಬಿಚ್ಚಿ ಅವನ ಮೇಜಿನ ಮೇಲೆ ಮಗುಚಿ ಇಟ್ಟು, ಸಾಯಿಕುಮಾರನನ್ನು ಹೆಸರು ಹಿಡಿದು ಬೈಯುತ್ತ, ಮೂತಿಯ ಪದರವನ್ನೆಲ್ಲ ಮರಳು ಹೊಡೆದು ಕಿತ್ತರು.

ಮಧ್ಯಾಹ್ನ ನಾನು ಬುತ್ತಿ ಕೊಡಲು ಹೋದಾಗ ಮರಳಿನ ಕೋಣೆ ಸದ್ದು ನಿಲ್ಲಿಸಿತ್ತು. ಧೂಳಿಗೆ ಹೆದರಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿ ಹೊರಗೇ ನಿಂತೆ. ಅಕ್ಕ ಶಾಂತಾದೇವಿಯ ಕೈ ಹಿಡಿದು ಕರೆತರುತ್ತಿದ್ದರು. ಕರೆತರುವುದು ಅನ್ನಲಾರೆ, ಎಳೆದು ತರುತ್ತಿದ್ದರು. ಮುದುಕಿಯ ಕೈಯಲ್ಲಿ ಕರಡಿಗೆ ಇತ್ತು.

“ನಾ ಒಲ್ಲೆ ಬಿಡವ್ವ. ನನ್ನ ಕೈಯಿ ಸುಡಲಿ. ಭೀಮ್ಯಾನ ಜೀವಕ್ಕ ಕುತ್ತ ತರತಿದ್ದೆ.”

“ನಿಮ್ಮ ಕೈಯಿ ಯಾಕ ಸುಡಬೇಕ್ರಿ? ಬಾಯಿದ್ದ ಗಂಡಸರು ಇಬ್ಬರು ಇದ್ರಲ್ಲ ಅಲ್ಲಿ! ‘ಅಮ್ಮಾರ, ಇಲ್ಲಿ ಬ್ಯಾಡ’ ಅನ್ನಾಕ ಏನಾಗಿತ್ತು ಅವರಿಗೆ?” ಇದನ್ನು ಮಾಲೀಕನ ಕೋಣೆಗೆ ಕೇಳುವಂತೆಯೇ ಅಂದರು. ಆಮೇಲೆ ಕೈಗವಸು ಹಾಕಿಕೊಂಡು ಮೂತಿಯನ್ನು ಹಿಂದುಮುಂದು ತಿರುಗಿಸಿದರು. “ಮುಂದ ಮುಟ್ಟಬ್ಯಾಡ್ರಿ. ಇಲ್ಲಿ ನೋಡ್ರಿ, ಹಿಂದಿನ ಅಂಚು. ಬೋಲ್ಟು ಕೂಡೂ ಜಗಾ. ಇದಕ್ಕ ಪುಡಿ ಹೊಡಿಯಂಗಿಲ್ಲ, ಭಟ್ಟಿಯೊಳಗೂ ಹೋಗಂಗಿಲ್ಲ. ಯಾವಾಗಲೂ ಕೆಂಪಗೇ ಇರತೈತಿ. ನಾ ಮುಂದ ಹೊಡದ ಮುಗಿಸಿದ ಮ್ಯಾಲ ಹೇಳತೇನಿ, ಆಗ ಬಂದು ಇಲ್ಲಿ ಎಳೀರಿ. ಬೇಕಾದಷ್ಟ ಎಳೀರಿ.”

ಮುದುಕಿ ಬಗ್ಗಿ ನೋಡಿದರು. “ಇಲ್ಲಿ ಕಾಣತೈತೇನು?”

“ಕಾಣದ ಏನ್ರಿ! ಭಟ್ಟಿ ಮುಂದ ನಿಂತಾವರಿಗೆಲ್ಲಾ ಅದೇ ಕಾಣೂದು.”

ಗನ್ನು ಕಿರುಚಿತು. ನಾನು ಮಗುವಿನ ಕಿವಿ ಮುಚ್ಚಿ ರಸ್ತೆಯಾಚೆಗೆ ಓಡಿದೆ. ಕಿವಿಯ ಮುಚ್ಚಳವಿಲ್ಲದೆ ಮುದುಕಿಯನ್ನು ಅಲ್ಲಿ ನಿಲ್ಲಿಸಿದ್ದಾರಲ್ಲ ಎಂದು ಇನ್ನೊಂದು ಸಿಟ್ಟು. ಆಮೇಲೆ ನೋಡಿದರೆ ಅಕ್ಕ ತಮ್ಮದನ್ನೇ ತೆಗೆದು ಅವರ ಕಿವಿಗೆ ಹಾಕಿದ್ದರು. ಮನೆಗೆ ಬಂದ ಮೇಲೆ ಅದಕ್ಕೆ ನಾನು ಜಗಳ ಮಾಡಿದೆ. “ಉಳಿದದ್ದು ಪಾವ ಕಿವಿ. ಹೋದ್ರ ಹೋಗಲಿ,” ಅಂದರು. ನಾನು ಬಿಡಲಿಲ್ಲ.

ಮೂತಿ ಮತ್ತೆ ಕಾರ್ಖಾನೆಗೆ ಹೋಯಿತು, ಹಿಂದಿನ ಅಂಚಿನ ಮೇಲೆ ಮೂರು ಗೆರೆ ಹೊತ್ತುಕೊಂಡು. ಆ ದಿನ ಭೀಮೇಶ ಗೇಟಿಗೆ ಬಂದು ಫೋನು ಮಾಡಿದ. ನನಗಲ್ಲ, ಅಕ್ಕನಿಗೆ. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

“ಅಕ್ಕಾ, ಮೂತಿ ಬಂದೈತಿ. ಕೂಡಸಾಕತ್ತೇವಿ.”

“ಬಡದ ನೋಡಿದಿ?”

“ನೋಡೇನಿ.”

“ಸುತ್ತಲೂ?”

“ಸುತ್ತಲೂ ಅಕ್ಕಾ. ಒಂದ ದನಿ ಐತಿ.”

ಅಕ್ಕ ನನ್ನ ಮುಖ ನೋಡಿದರು. ನಾನು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಅವರು ಫೋನನ್ನು ಬಾಯಿಯ ಹತ್ತಿರ ತಂದು ಓಣಿಗೆಲ್ಲ ಕೇಳುವಂತೆ ಗದರಿದರು:

“ನಿನ್ನ ಹೇಣ್ತಿ ಇಲ್ಲಿ ನಿಂತಾಳ. ಇನ್ನೊಮ್ಮಿ ಬಡಿ. ಫೋನ ಬಂದ್ ಮಾಡಿ ಒಳಗ ಹೋಗಿ ಬಡದ ಬಂದು ಆಕಿಗಿ ಹೇಳು. ನನಗಲ್ಲ.”